ಮೂರನೇ ಚಪ್ಪಡಿ

ಗೇಟು ತೆಗೆದು ಒಳಗೆ ಬಂದ ನಮ್ಮ ಮಾವ ಅಲ್ಲೇ ನಿಂತುಬಿಟ್ಟರು. ತುಮಕೂರಿನ ನಮ್ಮ ಮನೆಯಂಗಳದಲ್ಲಿ ನಾನು ಹಟ ಹಿಡಿದು ಹಾಕಿಸಿದ್ದ ಎರಡು ಕಲ್ಲುಚಪ್ಪಡಿಗಳ ಮೇಲೆ ಬೀದಿಯ ಆರು ಹೆಂಗಸರು ಕುಳಿತು, ನೆನೆಸಿದ ಅವರೆಕಾಳು ಹಿತಕುತ್ತಾ ಜೋರಾಗಿ ನಗುತ್ತಿದ್ದರು.

"ಹೆಂಗಸ್ರು ಬೀದಿಗೆ ಕಾಣೋ ಹಂಗೆ ಕೂತ್ರೆ ನೋಡ್ದೋರು ಏನಂತಾರೆ?" ಎಂದು ಚಪ್ಪಡಿ ಇಳಿಸಿದ ದಿನವೇ ಮುನಿಸಿಕೊಂಡಿದ್ದವರು ಮಾವ. ಒಬ್ಬಿಬ್ಬರು ಗಾಬರಿಯಿಂದ ಏಳಲು ಹೊರಟರು. ನಾನು ಕೈಹಿಡಿದು ಕೂರಿಸಿದೆ.

ಎದುರು ಮನೆಯ ಕುಣಿಗಲ್ ಅಜ್ಜಿ ಮಾತ್ರ ತಲೆ ಎತ್ತಲೇ ಇಲ್ಲ. "ಏನಪ್ಪಾ, ನಿಂತ್ಕಂಡು ನೋಡ್ತೀಯಾ? ಇನ್ನೂ ಅರ್ಧ ಬೋಸಿ ಕಾಳೈತೆ, ಕೈ ತೊಳ್ಕಂಡ್ ಬಾ" ಎಂದರು.

ಮಾವ ನೇರ ಒಳಗೆ ಹೋದರು. ಸಿಟ್ಟು ಬಂತು ಅಂದುಕೊಂಡೆವು. ಮರುನಿಮಿಷವೇ ಒದ್ದೆ ಕೈಯಲ್ಲಿ ತಟ್ಟೆ ಹಿಡಿದು ಬಂದರು. ಕಲ್ಲಿನ ಮೇಲೆ ಜಾಗವೇ ಇರಲಿಲ್ಲ. ಮೆಟ್ಟಿಲ ಮೇಲೆ ಕುಳಿತು, ಕಾಳು ಮುಗಿಯುವವರೆಗೂ ಹಿತಕಿದರು.

ಭಾನುವಾರ ಗುಬ್ಬಿಯಿಂದ ಲಗೇಜ್ ಆಟೋದಲ್ಲಿ ಮೂರನೇ ಚಪ್ಪಡಿ ಬಂತು. ತರಿಸಿದವರು ಮಾವನವರೇ. ಅದನ್ನು ಗೇಟಿನ ಪಕ್ಕದಲ್ಲಿ, ಇಡೀ ಬೀದಿಗೆ ಕಾಣುವ ಹಾಗೆ ಹಾಕಿಸಿದರು.