ಬೆಳಕಿಂಡಿಯಿಂದ ಇಳಿದ ತಂತಿ

ಬಟ್ಟೆಯ ಪಟ್ಟಿಯನ್ನು ಬಿಚ್ಚಿದಾಗ ಅದರ ಕೆಳಗೆ ನಾಲ್ಕು ಬೆರಳಗಲದ ತಂತಿ ಮಾತ್ರ ಇನ್ನೂ ಅಪ್ಪಟ ನೀಲಿಯಾಗಿತ್ತು. ಉಳಿದದ್ದೆಲ್ಲ ಬಿಸಿಲಿಗೆ ಬೂದಿಯ ಬಣ್ಣಕ್ಕೆ ತಿರುಗಿ, ಉಗುರು ತಾಗಿದರೆ ಹಳೆಯ ಸುಣ್ಣದ ಹಾಗೆ ಉದುರುತ್ತಿತ್ತು. ಪಟ್ಟಿ ಅವ್ವನ ಹಸಿರು ಅಂಚಿನ ಸೀರೆಯದು. ಕುರುಗೋಡಿನ ನಮ್ಮ ಮನೆಯ ಮಾಳಿಗೆಯ ಮೇಲೆ ಕುಕ್ಕರಗಾಲಲ್ಲಿ ಕೂತು ನಾನು ಆ ನಾಲ್ಕು ಬೆರಳಿನ ನೀಲಿಯನ್ನು ಬಹಳ ಹೊತ್ತು ನೋಡಿದೆ.

ಅವ್ವನ ದೂರು ಹಿಂದಿನ ವಾರವೇ ಬಳ್ಳಾರಿಯಲ್ಲಿರುವ ನನಗೆ ತಲುಪಿತ್ತು. "ಒಳಕೋಣ್ಯಾಗ ಧಾರಾವಾಹಿ ನಿಂತು ನಿಂತು ಬರಾಕತ್ತೈತಿ. ಅಕೀ ಅಳಾಕ ಬಾಯಿ ತೆಗೀತಾಳ, ಚಕ್ರ ತಿರಗಾಕ ಹತ್ತತೈತಿ. ಯಾಕ ಅಳ್ತಾಳಂತ ತಿಳಿಯೂದ್ರಾಗ ಜಾಹೀರಾತು. ನಿನ್ನ ತಂತಿ ಮುದುಕಿ ಆಗೈತಿ, ಬಂದು ನೋಡು. ಈ ಸಲ ಬೇಕಾರ ಗ್ವಾಡಿನ ಕೊರಕೋ. ಈಗ ಮನ್ಯಾಗ ಯಾರು ಬಸುರಿ ಅದಾರ?"

ಆ ಕೊನೆಯ ಮಾತಿಗೆ ನಾನು ಉತ್ತರ ಕೊಡಲಿಲ್ಲ. ಶನಿವಾರ ಬರುತ್ತೇನೆ ಎಂದಷ್ಟೇ ಹೇಳಿದೆ.

ಗೋಡೆ ಕೊರೆಯುವುದಕ್ಕೂ ಬಸುರಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ನಾನೂ ಕೇಳಿದ್ದೆ, ನಾಲ್ಕು ವರ್ಷದ ಹಿಂದೆ, ನನ್ನ ಸ್ವಭಾವಕ್ಕೆ ಮೀರಿದ ದನಿಯಲ್ಲಿ.

ಆಗ ನಾನು ಗಣಿತದ ಎಂ.ಎಸ್ಸಿ. ಮುಗಿಸಿ ಬಂದು ಮನೆಯಲ್ಲಿ ಕೂತಿದ್ದೆ. ಅಕ್ಕ ಗಿರಿಜಾಳನ್ನು ಸಿರುಗುಪ್ಪಕ್ಕೆ ಕೊಟ್ಟಿತ್ತು; ಏಳು ತುಂಬಿದ ಮೇಲೆ ಹೆರಿಗೆಗೆಂದು ಬಂದಿದ್ದಳು. ಬಂದ ವಾರದಲ್ಲೇ ಕಾಲು ಊದಿಕೊಂಡವು, ರಕ್ತದೊತ್ತಡ ಏರತೊಡಗಿತು. ಬಳ್ಳಾರಿಯ ಡಾಕ್ಟರಮ್ಮ ಮಾತು ಬೆಳೆಸುವವರಲ್ಲ. "ಎಡಕ್ಕೆ ಹೊರಳಿ ಮಲಗಿರಲಿ. ತಲೆನೋವು ಜೋರಾಗಿ ಕಣ್ಣ ಮುಂದೆ ಬೆಳಕು ಮಿಣಮಿಣ ಅಂದರೆ ಕಾಯಬೇಡಿ. ಫೋನ್ ಮಾಡಿ, ಹೊರಡಿ. ತಡವಾದರೆ ಇಬ್ಬರಿಗೂ ಅಪಾಯ" ಎಂದರು. ಅವರು ಸಹಜವಾಗಿ ಹೇಳಿದ 'ಇಬ್ಬರಿಗೂ' ಎಂಬ ಮಾತು ನನಗೆ ಬಸ್ಸಿನ ಸದ್ದಿನಲ್ಲಿಯೂ ಮನೆಯವರೆಗೆ ಕೇಳಿಸುತ್ತಲೇ ಇತ್ತು.

ತೊಡಕೆಂದರೆ ಅಕ್ಕ ಮಲಗುವುದು ಒಳಕೋಣೆಯಲ್ಲಿ. ನಾವಿಬ್ಬರೂ ಹುಟ್ಟಿದ ಕೋಣೆ, ಹೊರಗಿನವರ ಕಣ್ಣು ಬೀಳದ ಕೋಣೆ. ಅವ್ವನ ಪ್ರಕಾರ ದಿನ ತುಂಬಿದವಳಿಗೆ ಭೂಮಿಯ ಮೇಲೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಕಲ್ಲುಮಣ್ಣಿನ ಗೋಡೆ, ದೀಪದ ಗೂಡಿನಲ್ಲಿ ಮೊಣಕೈವರೆಗೆ ಕೈಯಿಟ್ಟರೂ ಆಚೆ ಇನ್ನೂ ಗೋಡೆ ಉಳಿದಿರುತ್ತದೆ. ಕಿಟಕಿಯಿಲ್ಲ. ಬೆಳಕು ಬರುವುದು ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯಿಂದ. ಅದಕ್ಕೊಂದು ತಗಡಿನ ಮುಚ್ಚಳ. ಮೊಬೈಲು ಆ ಕೋಣೆಯ ಹೊಸ್ತಿಲು ದಾಟಿದರೆ ಕಲ್ಲಿಗೆ ಸಮ. ಒಳಗಿಂದ ಕೂಗಿದರೆ ಜಗಲಿಗೆ ಕೇಳುವುದಿಲ್ಲ.

ಹಾಗಾಗಿ ಪಡಸಾಲೆಗೆ ಫೋನು, ಇಂಟರ್‌ನೆಟ್ಟು ಎರಡೂ ಬರುವ ಹೊಸ ಲೈನು ಹಾಕಿಸಿದೆವು. ಹಾಕಲು ಬಂದ ದಪ್ಪ ಮೀಸೆಯವನು ಒಳಕೋಣೆಯ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ ನಕ್ಕ. "ಇದು ಗ್ವಾಡಿ ಅಲ್ರಿ ಮೇಡಮ್, ಬಳ್ಳಾರಿ ಕೋಟಿ! ವೈ-ಫೈ ದಾಟಂಗಿಲ್ಲ. ಒಂದು ತೂತು ಹಾಕಿ ತಂತಿ ಒಳಗ ಎಳದ್ರ ಆತು." ಹೇಳುತ್ತಲೇ ಚೀಲದಿಂದ ಡ್ರಿಲ್ಲು ತೆಗೆದ. ಅವ್ವ ಸೌಟು ಹಿಡಿದೇ ಅಡುಗೆಮನೆಯಿಂದ ಬಂದಳು.

"ಅದನ್ನ ಮದ್ಲ ಒಳಗ ಇಡ್ರಿ. ಬಸುರಿ ಇದ್ದ ಮನ್ಯಾಗ ಗ್ವಾಡಿ ಕೊರಸಾಕ ನಾ ಬಿಡಂಗಿಲ್ಲ."

"ಅವ್ವಾ, ಅಕೀ ಬಸುರಿ ಅಂತನ ಫೋನ್ ಬೇಕಾಗಿದ್ದು," ಎಂದೆ.

"ಅದಕ್ಕ ಬ್ಯಾಡ ಅಂದೆ."

ನಾನು ಮೀಸೆಯವನ ಕಡೆ ನೋಡಿದೆ. ಆತ ಆಗಲೇ ಡ್ರಿಲ್ಲನ್ನು ಚೀಲಕ್ಕೆ ಸೇರಿಸುತ್ತಿದ್ದ. "ನಮ್ಮನ್ಯಾಗೂ ಹಂಗ ಅಂತಾರ್ರಿ. ನಾ ಇವತ್ತು ಕೊರದು, ನಾಳಿ ಏನರ ಆದ್ರ... ಕೂಸು ಹುಟ್ಟಿದ ಮ್ಯಾಲ ಫೋನ್ ಮಾಡ್ರಿ, ಓಡಿ ಬರ್ತೀನಿ."

ಕೂಸು ಹುಟ್ಟುವ ಮುಂಚೆ ಬೇಕಾದದ್ದನ್ನು ಹುಟ್ಟಿದ ಮೇಲೆ ಮಾಡಿಕೊಡುತ್ತೇನೆ ಎಂದು ಹೋದವನ ಬೆನ್ನು ನೋಡುತ್ತ ನಿಂತವಳು, ಆಮೇಲೆ ಎರಡು ದಿನ ಅವ್ವನೊಂದಿಗೆ ವಾದ ಮಾಡಿದೆ. ಗೋಡೆಯ ತೂತಿಗೂ ಗರ್ಭಕ್ಕೂ ನಡುವೆ ಕಾರ್ಯಕಾರಣ ಸಂಬಂಧವಿಲ್ಲ ಎಂದು ಹಂತಹಂತವಾಗಿ ತೋರಿಸಿದೆ. ಅವ್ವ ರೊಟ್ಟಿ ಬಡಿಯುತ್ತಲೇ ಕೇಳಿಸಿಕೊಂಡಳು. ಕೊನೆಗೆ ಹೇಳಿದ್ದು ಇಷ್ಟೇ: "ನಿನ್ನ ಲೆಕ್ಕ ತಪ್ಪಿದ್ರ ಅಳಿಸಿ ಮತ್ತ ಮಾಡ್ತಿ. ನಾ ಏನು ಮಾಡ್ಲಿ?"

ದಾರಿ ತೋರಿಸಿದವಳು ಅಕ್ಕ. ಎಡಮಗ್ಗುಲಾಗಿ ಮಲಗಿದ್ದವಳು ಕತ್ತು ಮಾತ್ರ ಮೇಲಕ್ಕೆ ತಿರುಗಿಸಿ, "ಹೊಸಾ ತೂತು ಬ್ಯಾಡ ಅಂದ್ರ ಬ್ಯಾಡ ಬಿಡಲೇ. ಇದ್ದ ತೂತಿನ್ಯಾಗ ತಾ" ಎಂದಳು. ಅವಳ ಕಣ್ಣು ಬೆಳಕಿಂಡಿಯ ಮೇಲಿತ್ತು.

ಮರುದಿನವೇ ತಂತಿ ತರಲು ಬಳ್ಳಾರಿಯ ಬ್ರೂಸ್‌ಪೇಟೆಗೆ ಹೋದೆ. ಅಂಗಡಿಯವರು "ಎವರಿಕಮ್ಮಾ? ಯಾರಿಗೆ, ಯಾವ ಆಫೀಸಿಗೆ?" ಎಂದು ಕೇಳಿದರು. ಮನೆಗೆ ಎಂದೆ. "ಹಾಕೋರು ಯಾರು?" ನಾನೇ ಎಂದೆ. ಅವರು ನನ್ನ ಕೈಗಳನ್ನೊಮ್ಮೆ ನೋಡಿ, ಕೇಳದಿದ್ದರೂ ಪ್ಲಗ್ಗುಗಳನ್ನು ಹೆಚ್ಚಿಗೆ ಕಟ್ಟಿಕೊಟ್ಟರು. ಅವರ ಅಂದಾಜು ಸರಿಯಾಗಿತ್ತು.

ಆ ನೀಲಿ ತಂತಿಯ ಹೊಟ್ಟೆಯಲ್ಲಿ ಎಂಟು ಎಳೆಗಳಿರುತ್ತವೆ, ಎರಡೆರಡು ಹೆಣೆದುಕೊಂಡು ನಾಲ್ಕು ಜೋಡಿ. ಎರಡು ಜೋಡಿ ಇಂಟರ್‌ನೆಟ್ಟಿಗೆ, ಒಂದು ಜೋಡಿ ಫೋನಿಗೆ, ಒಂದು ಸುಮ್ಮನೆ ಎಂದು ಓದಿಕೊಂಡಿದ್ದೆ. ಓದಿದ್ದು ಸುಲಭ. ಎಳೆಗಳನ್ನು ಬಿಡಿಸಿ, ನೇರ ಮಾಡಿ, ಬಣ್ಣದ ಕ್ರಮ ತಪ್ಪದಂತೆ ಕಡಲೆಕಾಳಿನಷ್ಟಿರುವ ಪ್ಲಗ್ಗಿನೊಳಗೆ ಒಟ್ಟಿಗೆ ತೂರಿಸಿ ಇಕ್ಕಳದಿಂದ ಅದುಮಬೇಕು. ನಾನು ತೂರಿಸುವ ಹೊತ್ತಿಗೆ ಹಸಿರು ಹೋಗಿ ನೀಲಿಯ ಮನೆಯಲ್ಲಿ ಕೂತಿರುತ್ತಿತ್ತು. ಅಕ್ಕ ಮಲಗಿದಲ್ಲಿಂದಲೇ ಮಗ್ಗಿ ಹೇಳಿಸಿದ ಹಾಗೆ ಬಣ್ಣ ಹೇಳಿಸುತ್ತಿದ್ದಳು. "ತನ್ನ ಜಡಿ ತಾ ಹಾಕ್ಕೊಳ್ಳಾಕ ಬರದಾಕಿ ತಂತಿ ಹೆಣ್ಯಾಕ ಕುಂತಾಳ ನೋಡವ್ವ!" ಎಂದು ನಗುವಳು. ನಕ್ಕಾಗ ಅವಳ ಊದಿದ ಕಣ್ಣರೆಪ್ಪೆಗಳು ಪೂರ್ತಿ ಮುಚ್ಚಿಹೋಗುತ್ತಿದ್ದವು. ನಾನು ಪ್ಲಗ್ಗಿನಿಂದ ತಲೆ ಎತ್ತುತ್ತಿರಲಿಲ್ಲ.

ತಂತಿ ಪಡಸಾಲೆಯ ಕಿಟಕಿಯಿಂದ ಹೊರಬಿದ್ದು, ಮಾಳಿಗೆ ಏರಿ, ಅಡ್ಡ ಹಾಯ್ದು, ತಗಡಿನ ಮುಚ್ಚಳದ ಕೆಳಗೆ ನುಸುಳಿ ಅಕ್ಕನ ತಲೆದಿಂಬಿನ ಬಳಿ ಇಳಿಯಿತು. ಮಾಳಿಗೆಯ ಮೇಲೆ ಯಾರ ಕಾಲಿಗೂ ತೊಡಕಾಗಬಾರದೆಂದು ಎರಡು ಬಿದಿರಿನ ಗಳ ನಿಲ್ಲಿಸಿ ಎದೆಯೆತ್ತರಕ್ಕೆ ಬಿಗಿದೆ. ಅವ್ವ ಗಳಗಳಿಗೆ ಸೀರೆಯ ಪಟ್ಟಿ ಸುತ್ತಿ, ತಂತಿ ಜಾರಿ ಬೀಳದಂತೆ ಸಡಿಲ ಕುಣಿಕೆ ಹಾಕಿಕೊಟ್ಟಳು. ಫೋನು ಮೊದಲ ಸಲ ಟ್ರಿಣ್ ಎಂದಾಗ ಅದಕ್ಕೂ ಮೂರು ಬೆರಳು ವಿಭೂತಿ ಎಳೆದಳು. ಮಾರನೆಯ ದಿನ ನನ್ನ ತಂತಿಯ ಮೇಲೆ ಅಪ್ಪನ ಎರಡು ಟವೆಲ್ಲು ಒಣಗುತ್ತಿದ್ದವು.

ಎದೆಯೆತ್ತರವೆಂದರೆ ಬಟ್ಟೆ ಒಣಹಾಕುವ ಎತ್ತರ. ಅದು ನನಗೆ ಹೊಳೆದಿರಲಿಲ್ಲ.

"ಅವ್ವಾ, ಅದು ಫೋನಿನ ತಂತಿ!"

"ತಂತಿ ಐತಿ, ಖಾಲಿ ಐತಿ, ಬಿಸಲು ಐತಿ. ಟವೆಲ್ ಹಾಕಿದ್ರ ನಿನ್ನ ಫೋನಿಗೇನು ನೆಗಡಿ ಬರತೈತೇನು?"

ಕೊನೆಗೆ ಕರಾರಾಯಿತು: ಹಗುರ ಬಟ್ಟೆ ಮಾತ್ರ. ನಾನು ಸೋತೆ, ಆದರೆ ಪ್ರತಿದಿನ ಮಾಳಿಗೆಗೆ ಹೋಗಿ ತಂತಿಯನ್ನು ಮುಟ್ಟಿ ನೋಡಿ ಬರುತ್ತಿದ್ದೆ.

ಒಂದು ದಿನ ಬಳ್ಳಾರಿಯ ಕಾಲೇಜೊಂದರಲ್ಲಿ ನನಗೆ ಸಂದರ್ಶನವಿತ್ತು. ಅಪ್ಪ ಸಿರುಗುಪ್ಪಕ್ಕೆ, ಬೀಗರ ಮನೆಗೆ ಹೋಗಿದ್ದ. ಅಕ್ಕನ ಜೊತೆ ಅವ್ವ ಒಬ್ಬಳೇ. ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದಾಗ ಮನೆಯ ನಂಬರಿನಿಂದ ಫೋನು ಬಂತು.

"ಲೇ... ತಲಿ ಸಿಡ್ಯಾಕತ್ತೈತಿ. ಅವ್ವ ಕೂಗಿದ್ರ ಓ ಅನವಲ್ಲಳು. ಕಣ್ಣ ಮುಂದ ಬೆಳಕು..."

ಅಷ್ಟೇ. ಮಾತಿನ ನಡುವೆ ಕತ್ತರಿ ಹಾಕಿದಂತೆ ನಿಂತಿತು.

ತಿರುಗಿ ಮಾಡಿದೆ. ಗಂಟೆ ಹೊಡೆಯುತ್ತಲೇ ಇತ್ತು. ಪ್ಲಗ್ಗು ಕಳಚಿ ಬಿದ್ದಿದ್ದರೂ ಈ ಕಡೆಯವರಿಗೆ ಗಂಟೆ ಹೊಡೆದಂತೆಯೇ ಕೇಳುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ತಲೆದಿಂಬಿನ ಪಕ್ಕದಲ್ಲೇ ಫೋನು ಕೂಗುತ್ತಿದೆ, ಅಕ್ಕ ಎತ್ತುತ್ತಿಲ್ಲ. ನಾನು ತಿಳಿದುಕೊಂಡದ್ದು ಹೀಗೆ. ಅವ್ವನ ಮೊಬೈಲಿಗೆ ಮಾಡಿದೆ, ಎತ್ತಲಿಲ್ಲ. ಆಂಬುಲೆನ್ಸಿಗೆ ಹೇಳಿದೆ, ಆಸ್ಪತ್ರೆಗೆ ಹೇಳಿದೆ, ಅಪ್ಪನಿಗೆ ಹೇಳಿದೆ. ಆದರೆ ಅಕ್ಕನ ಹತ್ತಿರ ಈ ಗಳಿಗೆಯಲ್ಲಿ ಯಾರಿದ್ದಾರೆ ಎಂದು ಹೋಗಿ ನೋಡುವವರು ಬೇಕಿತ್ತು. ನನ್ನ ಫೋನಿನಲ್ಲಿ ನಮ್ಮ ಓಣಿಯ ಒಬ್ಬರ ನಂಬರೂ ಇರಲಿಲ್ಲ. ಹುಟ್ಟಿ ಬೆಳೆದ ಓಣಿ. ನಾನು ಯಾರ ನಂಬರನ್ನೂ ಕೇಳಿದವಳಲ್ಲ, ಯಾರಿಗೂ ಕೊಟ್ಟವಳಲ್ಲ.

"ಮೇಡಮ್, ನಿಮ್ಮ ಹೆಸರು ಕರದಾರ" ಎಂದು ಜವಾನ ಹೇಳುತ್ತಿದ್ದ. ನಾನು ಮೆಟ್ಟಿಲಿಳಿದು ಓಡುತ್ತಿದ್ದೆ.

ಕುರುಗೋಡಿನ ಬಸ್ಸು ತುಂಬಿತ್ತು. ಬೇಗ ಬಿಡಿ ಎಂದು ಎರಡು ಸಲ ಕೇಳಿದ್ದಕ್ಕೆ ಕಂಡಕ್ಟರು, "ಅಷ್ಟು ಅವಸರ ಇದ್ರ ಇಂಜಿನ್ ಮ್ಯಾಲ ಕುಂದರ್ರಿ ಮೇಡಮ್, ಎಲ್ಲಾರಿಗಿಂತ ಮದ್ಲ ಮುಟ್ತೀರಿ" ಎಂದ. ನಾಲ್ಕು ಜನ ನಕ್ಕರು. ನೀಲಿ ಎಳೆ ಸರಿಯಾಗಿ ಕೂತಿತ್ತೇ? ಇಕ್ಕಳವನ್ನು ಇನ್ನೊಮ್ಮೆ ಅದುಮಬೇಕಿತ್ತೇ? ಮಾಳಿಗೆಯ ಮೇಲೆ ಮಂಗ ಜಗ್ಗಿತೇ? ಇಲ್ಲ, ತಂತಿ ಸರಿಯಿದ್ದು ಅಕ್ಕನೇ... ಆ ವಾಕ್ಯವನ್ನು ಮುಗಿಸದಿರಲು ನಾನು ಎಳೆಗಳ ಬಣ್ಣಗಳನ್ನು ಕ್ರಮವಾಗಿ ಹೇಳಿಕೊಳ್ಳತೊಡಗಿದೆ. ತುಟಿ ಅಲ್ಲಾಡುತ್ತಿದ್ದಿರಬೇಕು. ಪಕ್ಕದಲ್ಲಿ ಮೆಣಸಿನಕಾಯಿ ಚೀಲ ಇಟ್ಟುಕೊಂಡು ಕೂತ ಹೆಂಗಸು ನನ್ನ ಮುಂಗೈ ಹಿಡಿದಳು.

"ಏಮೈಂದಮ್ಮಾ? ಏನಾತು? ಮನ್ಯಾಗ ಯಾರಿಗರ ಆರಾಮಿಲ್ಲೇನು?"

ಅಪರಿಚಿತರಿಗೆ ಊರಿನ ಹೆಸರು ಹೇಳಲೂ ಹಿಂಜರಿಯುವ ನಾನು ಅವಳಿಗೆ ಎಲ್ಲವನ್ನೂ ಹೇಳಿದೆ. ಬೆಳಕಿಂಡಿಯನ್ನೂ ಬಿಡಲಿಲ್ಲ. ಅವಳು ಎಲ್ಲ ಕೇಳಿ, "ಅವ್ವ ಮನ್ಯಾಗ ಅದಾಳಲ್ಲ? ಅದಾಳ ಅಂದ ಮ್ಯಾಲ ಅದಾಳ ಬಿಡು" ಎಂದಳು. ಕೈ ಮಾತ್ರ ಬಿಡಲಿಲ್ಲ.

ಅರ್ಧ ದಾರಿ ಕಳೆದಿತ್ತು. ಫೋನು ಬಂತು. ಅವ್ವ.

"ಎಲ್ಲದೀ?"

"ಬಸ್ಸಿನ್ಯಾಗ. ಅವ್ವಾ, ಅಕ್ಕ..."

"ಅಕ್ಕ ನನ್ನ ತೊಡಿ ಮ್ಯಾಲ ಅದಾಳ. ಮಗ್ಗಲ ಮನಿಯವರ ಕಾರಿನ್ಯಾಗ ಬಳ್ಳಾರಿ ಮುಟ್ಟಾಕ ಬಂದೀವಿ. ನೀ ಕುರುಗೋಡಿಗೆ ಯಾಕ ಹೊಂಟಿ?"

ನಾನು ಎದ್ದು ಬಸ್ಸು ನಿಲ್ಲಿಸಿ ಎಂದು ಕೂಗಿದೆ. "ಈಗರ ಅವಸರ ಅಂದ್ರಿ!" ಎಂದ ಕಂಡಕ್ಟರು. "ಈಗ ಆ ಕಡಿ ಅವಸರ ಐತ್ರಿ" ಎಂದು ಇಳಿದೆ.

ಅದೇ ಸಂಜೆ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹೆಣ್ಣುಮಗು, ಅಂಗೈಗಿಂತ ಸ್ವಲ್ಪ ದೊಡ್ಡದು. ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ಇಬ್ಬರೂ ಉಳಿದರು.

ನಡೆದದ್ದೇನೆಂದು ತಿಳಿದದ್ದು ಆಸ್ಪತ್ರೆಯ ಬೆಂಚಿನ ಮೇಲೆ. ಅವ್ವ ಕರಾರು ಮುರಿದಿದ್ದಳು. ಬಾಣಂತನಕ್ಕೆ ಬೇಕೆಂದು ಹೊದೆಯುವ ದಪ್ಪ ಕೌದಿ ಒಗೆದು, ಹಸಿ ಕೌದಿಯನ್ನು ನನ್ನ ತಂತಿಯ ಮೇಲೆ ಹೊದಿಸಿದ್ದಳು. ಆ ಭಾರಕ್ಕೆ ಪಡಸಾಲೆಯ ತುದಿಯಲ್ಲಿ ಪ್ಲಗ್ಗು ಕಳಚಿತ್ತು. ಕೆಳಗೆ ಅಕ್ಕನ ಕೈಯಲ್ಲಿ ಫೋನು ಸತ್ತಿತ್ತು, ಏಳಲು ಹೋದರೆ ಕಣ್ಣು ಕತ್ತಲೆ, ಕೂಗಲು ದನಿಯಿಲ್ಲ. "ನಿನ್ನ ಫೋನಂತೂ ಕೈ ಕೊಡ್ತು," ಎಂದಳು ಅಕ್ಕ ಆಮೇಲೆ. "ಹಗ್ಗರ ಆಗ್ಲಿ ಅಂತ ತಂತಿ ಹಿಡದು ಜಗ್ಗಿದೆ ನೋಡು, ಬಾಂವಿ ನೀರು ಸೇದಿದಂಗ."

"ಗಾಳಿ ಇಲ್ಲ ಏನಿಲ್ಲ, ಕೌದಿ ಕುಣ್ಯಾಕತ್ತಿತು," ಎಂದಳು ಅವ್ವ. "ಮಂಗ್ಯಾ ಬಂತು ಅಂತ ಕೋಲು ತಗೊಂಡೆ. ಮಂಗ್ಯಾ ಇಲ್ಲ. ತಂತಿ ಬೆಳಕಿಂಡ್ಯಾಗಿಂದ ಒಳಗ ಎಳೀತು, ಬಿಡ್ತು, ಎಳೀತು. ಮುಚ್ಚಳ ತೆಗದು ಇಣಿಕಿದ್ರ ಇಕೀ ಮಾರಿ ಸುಣ್ಣದಂಗ ಆಗೈತಿ."

ಇದರಿಂದ ಅವ್ವನ ಶಾಸ್ತ್ರವೇ ಸರಿ ಎಂದು ನಾನು ಒಪ್ಪಿದೆನೆಂದು ತಿಳಿಯಬೇಡಿ. ಕೌದಿ ಹಾಕದಿದ್ದರೆ ಫೋನೇ ಸಾಕಾಗುತ್ತಿತ್ತು ಎಂದು ನಾನು ಈಗಲೂ ಹೇಳುತ್ತೇನೆ. "ಕೌದಿ ಇರಲಿಲ್ಲ ಅಂದ್ರ ತಂತಿ ಅಲ್ಲಾಡಿದ್ದು ಯಾರು ನೋಡ್ತಿದ್ರು?" ಎಂದು ಅವ್ವ ಈಗಲೂ ಹೇಳುತ್ತಾಳೆ. ಗೋಡೆಯಲ್ಲಿ ತೂತು ಕೊರೆದು ತಂತಿಯನ್ನು ಮೊಳೆಗಳಿಂದ ಬಿಗಿದಿದ್ದರೆ ಅಕ್ಕ ಎಷ್ಟು ಜಗ್ಗಿದರೂ ಏನೂ ಅಲ್ಲಾಡುತ್ತಿರಲಿಲ್ಲ ಎಂಬುದನ್ನು ನಾವಿಬ್ಬರೂ ಬಾಯಿಬಿಟ್ಟು ಹೇಳುವುದಿಲ್ಲ. ಓಣಿಯವರ ನಂಬರುಗಳು ಮಾತ್ರ ಈಗ ನನ್ನಲ್ಲಿವೆ, ಎಲ್ಲರವೂ.

ಈ ಶನಿವಾರ ಹೊಸ ತಂತಿಯ ಸುರುಳಿ, ಡ್ರಿಲ್ಲು ಎರಡನ್ನೂ ತಂದಿದ್ದೆ. ಒಣಗಿದ ಹಳೆಯ ತಂತಿಯನ್ನು ಮಾಳಿಗೆಯಿಂದ ಇಳಿಸಿದೆ. ಒಳಕೋಣೆಯ ಗೋಡೆಯ ಮೇಲೆ ಅಳತೆ ಹಿಡಿದು ಪೆನ್ಸಿಲಿನಿಂದ ಒಂದು ಗುರುತು ಹಾಕಿದೆ. ದೀಪ ಹಚ್ಚುವ ಹೊತ್ತಾಯಿತು, ಬೆಳಿಗ್ಗೆ ಕೊರಿ ಎಂದಳು ಅವ್ವ. ಗುರುತಿನ ಎದುರಿಗೆ ಹಾಸಿಗೆ ಹಾಸಿಕೊಂಡು ಎಡಮಗ್ಗುಲಾದೆ.

ಒಂದು ಮಾತು ನಿಮಗೂ ಈವರೆಗೆ ಹೇಳಿರಲಿಲ್ಲ. ನನಗೆ ಮೂರನೆಯ ತಿಂಗಳು ಹಿಡಿದಿದೆ. ಗೊತ್ತಿದ್ದದ್ದು ನನಗೆ ಮತ್ತು ನನ್ನ ಗಂಡನಿಗೆ ಮಾತ್ರ. ಹೋದ ವರ್ಷದ್ದು ನಿಲ್ಲಲಿಲ್ಲ. ಅದನ್ನೂ ನಾವಿಬ್ಬರೇ ಬಲ್ಲೆವು. ತೂತಿಗೂ ಗರ್ಭಕ್ಕೂ ಸಂಬಂಧವಿಲ್ಲ ಎಂಬ ನನ್ನ ವಾದದಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ. ಆದರೂ ಆ ಗುರುತನ್ನು ನೋಡುತ್ತ ನಿದ್ದೆ ಬರಲಿಲ್ಲ. ಅಳಿಸಿ ಮತ್ತೆ ಮಾಡಲಾಗದ ಲೆಕ್ಕ ಯಾವುದೆಂದು ಈಗ ನನಗೂ ಗೊತ್ತು.

ಮರುದಿನ ಬೆಳಿಗ್ಗೆ ಒದ್ದೆ ಬಟ್ಟೆ ತಂದು ಗುರುತನ್ನು ಒರೆಸಿದೆ. ಕಸಬರಿಗೆ ಹಿಡಿದು ಬಂದ ಅವ್ವ ಬಾಗಿಲಲ್ಲೇ ನಿಂತಳು.

"ಯಾಕ?"

"ಮಾಳಿಗಿ ಮ್ಯಾಲಿಂದನ ತರೋಣವ್ವ."

ಅವಳು ನನ್ನ ಮುಖ ನೋಡಿದಳು, ಒರೆಸಿದ ಗೋಡೆ ನೋಡಿದಳು, ಮತ್ತೆ ಮುಖ ನೋಡಿದಳು. ಕಸಬರಿಗೆಯನ್ನು ಗೋಡೆಗೆ ಒರಗಿಸಿದಳು.

"ಎಷ್ಟು ತಿಂಗಳು?"

"ಮೂರರಾಗ ಬಿದ್ದೈತಿ."

ಅವ್ವ ಒಮ್ಮೆಲೇ, "ನಿನ್ನಿ ಆ ಪಾವಟಿಗಿ ಹತ್ತಿ ಇಳದ್ಯಲ್ಲಲೇ, ಬುದ್ಧಿಗೇಡಿ!" ಎಂದು ಗದರಿ, ತಂತಿಯ ಸುರುಳಿಯನ್ನು ನನ್ನಿಂದ ಕಸಿದುಕೊಂಡು ತಾನೇ ಹಿತ್ತಲ ಕಲ್ಲಿನ ಮೆಟ್ಟಿಲು ಏರಿದಳು. ತಲೆಯ ಮೇಲೆ ಅವಳ ಹೆಜ್ಜೆಗಳು ಅಡ್ಡ ಹಾಯ್ದು ಬಂದವು. ತಗಡಿನ ಮುಚ್ಚಳ ಸರಿಯಿತು. ಬಿಸಿಲಿನ ಜೊತೆಗೆ ಹೊಸ ತಂತಿಯ ತುದಿ ತೂಗಾಡುತ್ತ ಇಳಿಯಿತು, ಅಪ್ಪಟ ನೀಲಿ.

"ಸಿಕ್ತೇನು?" ಎಂದು ಮೇಲಿನಿಂದ ಅವ್ವ ಕೇಳಿದಳು.

ನಾನು ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಮೆಲ್ಲಗೆ ಜಗ್ಗಿದೆ.