ಮೂರನೇ ಘಟಕದಲ್ಲಿ ಒಣಗಿದ ಶಾವಿಗೆ

ಜಾಲಹಳ್ಳಿಯಿಂದಾಚೆ, ಕೃಷ್ಣೆಯ ದಂಡೆಯಲ್ಲಿ, ಕಲ್ಲಿದ್ದಲಿನಿಂದ ಕರೆಂಟು ತಯಾರಿಸುವ ಖಾಸಗಿ ಕಂಪನಿಯ ಸ್ಥಾವರವೊಂದಿತ್ತು. ಅದರ ಗೆಸ್ಟ್ ಹೌಸಿನಲ್ಲಿ ಬಂಡೆಮ್ಮ ಹನ್ನೊಂದು ವರ್ಷ ಅಡಿಗೆ ಮಾಡಿದಳು. ಅಷ್ಟು ವರ್ಷದಲ್ಲಿ ಸ್ಥಾವರದ ಮೂರು ಘಟಕಗಳ ಪೈಕಿ ಒಂದೂ ನೆಟ್ಟಗೆ ಓಡಲಿಲ್ಲ. ಮೂರನೆಯದಂತೂ ಓಡಿದ್ದಕ್ಕಿಂತ ಮಲಗಿದ್ದೇ ಹೆಚ್ಚು. "ನನ್ನ ಒಲಿ ಮಾತ್ರ ಒಂದಿನಾನೂ ಕೆಟ್ಟು ಕುಂತಿಲ್ಲ" ಎಂದು ಅವಳು ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು. ಚೀಫ್ ಎಂಜಿನಿಯರ್ ಸಾಹೇಬರಿಗೂ ಒಮ್ಮೆ ಹೇಳಿದ್ದಳು. ಅವರು ಬಾಯಿತುಂಬ ರೊಟ್ಟಿ ಇಟ್ಟುಕೊಂಡಿದ್ದರಿಂದ ಉತ್ತರ ಕೊಡಲಾಗಲಿಲ್ಲ.

ಅವಳು ಮಾನ್ವಿ ತಾಲೂಕಿನ ಮಲ್ಲಟದವಳು. ಗದ್ದೆಪ್ಪನನ್ನು ಮದುವೆಯಾಗಿ ಜಾಲಹಳ್ಳಿಗೆ ಬಂದಾಗ ಸ್ಥಾವರದ ಗೋಡೆ ಏಳುತ್ತಿತ್ತು. ಗಾರೆ ಹೊರುವ ಕೂಲಿಗೆ ಸೇರಿದಳು. ಒಂದು ದಿನ ಗೆಸ್ಟ್ ಹೌಸಿನ ಅಡಿಗೆಯವನು ಹೇಳದೆ ಕೇಳದೆ ಊರು ಬಿಟ್ಟ. ಅವತ್ತು ಬಂಡೆಮ್ಮ ಮಾಡಿದ ಎಣ್ಣೆಗಾಯಿ ತಿಂದವರು ಅವಳನ್ನು ಮತ್ತೆ ಗಾರೆಗೆ ಕಳಿಸಲಿಲ್ಲ.

ಗೆಸ್ಟ್ ಹೌಸಿನಲ್ಲಿ ಅವಳ ಮುಖ್ಯ ಕೆಲಸ ತಪಾಸಣೆಗೆ ಬಂದವರನ್ನು ಮಲಗಿಸುವುದು. ಘಟಕ ಓಡದಿದ್ದರೂ "ಓಡಲು ಸಿದ್ಧವಿದೆ" ಎಂದು ಬರೆದುಕೊಟ್ಟರೆ ಕಂಪನಿಗೆ ದುಡ್ಡು ಬರುತ್ತಿತ್ತು, ಆ ದುಡ್ಡು ಜನರ ಕರೆಂಟು ಬಿಲ್ಲಿನೊಳಗೇ ಅಡಗಿರುತ್ತಿತ್ತು. ನಿಜಕ್ಕೂ ಸಿದ್ಧವಿದೆಯೇ ಎಂದು ನೋಡಲು ವಿದ್ಯುತ್ ನಿಯಂತ್ರಣ ಮಂಡಳಿಯಿಂದ ವರ್ಷಕ್ಕೊಮ್ಮೆ ಯಾರಾದರೊಬ್ಬರು ಬರುತ್ತಿದ್ದರು. ಬಂದವರನ್ನು ಕಂಪನಿಯ ಸಂಪರ್ಕಾಧಿಕಾರಿ ಪ್ರಭುರಾಜ ನೇರವಾಗಿ ಊಟದ ಮೇಜಿಗೆ ಕರೆತರುತ್ತಿದ್ದ. ತುಪ್ಪದಲ್ಲಿ ಮುಳುಗಿದ ಹೋಳಿಗೆ, ಮೇಲೆ ದೊಡ್ಡ ಬಟ್ಟಲಿನ ತುಂಬ ಗಸಗಸೆ ಪಾಯಸ. ಎರಡನೇ ಬಟ್ಟಲಿಗೆ ಕಣ್ಣು ಎಳೆಯುತ್ತಿತ್ತು. ಐದು ಗಂಟೆಗೆ ಎದ್ದು, ಚಹಾ ಕುಡಿದು, ತೋರಿಸಿದಲ್ಲಿ ಸಹಿ ಹಾಕಿ, ರಾಯಚೂರಿಗೆ ಹೋಗಿ ರೈಲು ಹಿಡಿಯುತ್ತಿದ್ದರು. ಪ್ರಭುರಾಜ ಇದನ್ನು ತಾಂತ್ರಿಕ ಪರಿಶೀಲನೆ ಎನ್ನುತ್ತಿದ್ದ. ಬಂಡೆಮ್ಮ ಜೋಗುಳ ಎನ್ನುತ್ತಿದ್ದಳು. ತನ್ನ ಪಾಯಸ ಕುಡಿದು ಎದ್ದು ಕೂತವನು ಇನ್ನೂ ಹುಟ್ಟಿಲ್ಲ ಎಂಬ ಹಮ್ಮೂ ಅವಳಿಗಿತ್ತು.

ಆ ವರ್ಷ ಬೇಸಿಗೆಯಲ್ಲಿ ಅವಳು ಮನೆಗೆಂದು ಶಾವಿಗೆ ಹೊಸೆದಳು. ಒಣಗಿಸಲು ಜಾಗವಿಲ್ಲ. ಹೊರಗೆ ಹಾಕಿದರೆ ಚಿಮಣಿಯ ಬೂದಿ ಬಂದು ಕೂರುತ್ತದೆ. ಸ್ಥಾವರದಲ್ಲಿ ಕಸ ಗುಡಿಸುವ ಖುರ್ಷೀದ್ ಬೇಗಂ ದಾರಿ ತೋರಿಸಿದಳು.

"ಮೂರನೇದರಾಗ ಹಾಕು ಬೇ. ಗಾಳಿ ಇಲ್ಲ, ಧೂಳಿಲ್ಲ, ಒಂದು ನರಪಿಳ್ಳಿ ಬರಂಗಿಲ್ಲ. ಚಾವಿ ನನ್ನ ಕಡೀನೇ ಅದ."

ಇಬ್ಬರೂ ಸೇರಿ ಟರ್ಬೈನಿನ ಈ ಕಡೆಯ ಕಟಕಟೆಯಿಂದ ಆ ಕಡೆಯ ಕಟಕಟೆಗೆ ಬಿದಿರು ಹಾಸಿ, ಕೂದಲಿನಂಥ ಶಾವಿಗೆಯನ್ನು ಇಳಿಬಿಟ್ಟರು. ಅದು ಭಾನುವಾರ. ಮುಂದಿನ ಶನಿವಾರ, ಯಾವ ಮುನ್ಸೂಚನೆಯೂ ಇಲ್ಲದೆ, ಮಂಡಳಿಯಿಂದ ಶೈಲಶ್ರೀ ಎಂಬ ಅಧಿಕಾರಿ ಬಂದಿಳಿದಳು.

ಪ್ರಭುರಾಜ ಅಡಿಗೆಮನೆಗೆ ಓಡಿಬಂದ. "ಬಂಡೆಮ್ಮ, ಇವತ್ತು ಗಸಗಸಿ ಎರಡು ಪಾಲು ಹಾಕು. ಈಕಿ ಕಣ್ಣು ಭಾಳ ಚುರುಕದಾವ."

ಅವನು ಆ ಕಡೆ ಹೋದ, ಈ ಕಡೆಯಿಂದ ಆ ಚುರುಕು ಕಣ್ಣಿನವಳೇ ಕುಡಿಯುವ ನೀರು ಕೇಳಿಕೊಂಡು ಒಳಗೆ ಬಂದಳು. ನಲವತ್ತರ ಆಸುಪಾಸು, ಕಾಲಲ್ಲಿ ಬೂಟು. ಒಲೆಯ ಮೇಲೆ ಕುದಿಯುತ್ತಿದ್ದುದನ್ನು ಬಗ್ಗಿ ನೋಡಿದಳು.

"ಏನಮ್ಮಾ ಮಾಡ್ತಿದ್ದೀರಾ?"

"ನಿದ್ದಿ ಮಾಡಾಕತ್ತೀನ್ರಿ" ಎಂದುಬಿಟ್ಟಳು ಬಂಡೆಮ್ಮ.

ಸೇಡು, ನ್ಯಾಯ ಎಂಬ ಯೋಚನೆಯೇನೂ ಅವಳ ತಲೆಯಲ್ಲಿರಲಿಲ್ಲ. ಕೇಳಿದ್ದಕ್ಕೆ ಬಾಯಿಗೆ ಬಂದದ್ದನ್ನು ಹೇಳುವುದು ಅವಳ ಹುಟ್ಟುಗುಣ. ಶೈಲಶ್ರೀ ಒಂದು ಗಳಿಗೆ ಅವಳ ಮುಖ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಊಟದ ಮೇಜಿಗೆ ಹೋಗಿ, ಇವತ್ತು ಶನಿವಾರ, ತನಗೆ ಒಪ್ಪೊತ್ತು, ಸಂಜೆಯವರೆಗೆ ಏನೂ ತಿನ್ನುವುದಿಲ್ಲ ಎಂದಳು. "ಮಾಡಿದ ಅಡಿಗೆ ಹಾಳಾಗಬಾರದು, ನೀವು ಕೂತ್ಕೊಳ್ಳಿ" ಎಂದು ಎಲ್ಲರನ್ನೂ ಒತ್ತಾಯ ಮಾಡಿ ಕೂರಿಸಿದಳು. ಚೀಫ್ ಎಂಜಿನಿಯರ್ ಸಾಹೇಬರು ಹೋಳಿಗೆ ಕಂಡರೆ ಮಂಡಳಿಯನ್ನೇ ಮರೆಯುವ ಮನುಷ್ಯ. ಪ್ರಭುರಾಜ ಅವರಿಗೆ ಜೊತೆ ಕೊಡಲು ಮೂರು ಬಟ್ಟಲು ಪಾಯಸ ಇಳಿಸಿದ. ಎರಡೂವರೆಗೆ ಅವನ ಗದ್ದ ಎದೆಗೆ ತಾಗಿತ್ತು.

ಶೈಲಶ್ರೀ ಅಡಿಗೆಮನೆಗೆ ಬಂದು, "ಮೂರನೇ ಘಟಕದ ಕೀಲಿ ಯಾರ ಹತ್ರ ಇದೆ?" ಎಂದಳು.

"ಖುರ್ಷೀದ್ ಬೇಗಂ ಕಡೀ ಅದ್ರಿ" ಎಂದ ಮೇಲೆ ಬಂಡೆಮ್ಮನಿಗೆ ನೆನಪಾಯಿತು. "ಯವ್ವಾ, ನನ್ನ ಶಾವಿಗಿ!"

ಅವಳು ಓಡಿದಳು. ಬೂಟಿನವಳು ಅವಳಿಗಿಂತ ಮುಂದೆ ಓಡಿದಳು. ಖುರ್ಷೀದ್ ಬೇಗಂ ಬಂದು ಬಾಗಿಲು ತೆಗೆದಳು.

ಕಾಗದದ ಪ್ರಕಾರ ಆ ಟರ್ಬೈನು ಮಂಗಳವಾರದಿಂದ ಶುಕ್ರವಾರದವರೆಗೆ ಓಡಿತ್ತು. ಕಂಪನಿ ಹಾಗೆಂದು ಬರೆದುಕೊಟ್ಟಿತ್ತು. ಅದರ ಮೇಲೆ ಶಾವಿಗೆ ಬೆಳ್ಳಗೆ, ಗರಿಗರಿಯಾಗಿ, ಒಂದೆಳೆಯೂ ಮುರಿಯದೆ ತೂಗುತ್ತಿತ್ತು. ಶೈಲಶ್ರೀ ಹತ್ತಾರು ಫೋಟೋ ತೆಗೆದಳು. ಒಂದು ಹಿಡಿ ಶಾವಿಗೆಯನ್ನು ಸರ್ಕಾರಿ ಲಕೋಟೆಗೆ ಹಾಕಿ ಅಂಟಿಸಿ, ಬಂಡೆಮ್ಮನ ಹೆಬ್ಬೆಟ್ಟು ಕೇಳಿದಳು.

"ಸಹಿ ಮಾಡಾಕ ಬರ್ತದ್ರಿ ನನಗ" ಎಂದು ಬಂಡೆಮ್ಮ ಸಿಟ್ಟಿನಿಂದಲೇ ಸಹಿ ಹಾಕಿದಳು. ಉಳಿದ ಶಾವಿಗೆಯನ್ನು ಸೀರೆಯ ಉಡಿಯಲ್ಲಿ ಕಟ್ಟಿಕೊಂಡು ಮನೆಗೆ ಒಯ್ದಳು.

ಎರಡು ತಿಂಗಳ ಮೇಲೆ ರಾಯಚೂರಿನಲ್ಲಿ ಮಂಡಳಿಯ ಬಹಿರಂಗ ವಿಚಾರಣೆ ನಡೆಯಿತು. ಬಂಡೆಮ್ಮನನ್ನು ಸಾಕ್ಷಿಗೆ ಕರೆದಿದ್ದರು. ಪಕ್ಕದ ಕುರ್ಚಿಯಲ್ಲಿ ದೇವದುರ್ಗದ ತಿಮ್ಮವ್ವ ಎಂಬ ಮುದುಕಿ ಬಿಲ್ಲು ಹಿಡಿದು ಕೂತಿದ್ದಳು. "ಕರೆಂಟು ಬರಂಗಿಲ್ಲ, ಬಿಲ್ಲು ಒಂದು ತಿಂಗಳೂ ತಪ್ಪಂಗಿಲ್ಲ. ನೋಡೋ ಮಂದಿ ಎಲ್ಲಿ ಮಲಗ್ಯಾರೋ ಯವ್ವಾ" ಎಂದಳು. ಎಲ್ಲಿ ಮಲಗಿದ್ದರೆಂದು ಬಂಡೆಮ್ಮನಿಗೆ ಗೊತ್ತಿತ್ತು. ಹಾಸಿಗೆಗೆ ಚಾದರ ಹಾಸಿದವಳೂ ಅವಳೇ. ಮುದುಕಿಯ ಮುಖ ನೋಡಲಾಗದೆ ಅವಳು ಫ್ಯಾನು ನೋಡುತ್ತ ಕೂತಳು.

ಕಂಪನಿಯ ವಕೀಲ ಎದ್ದ. "ಈಯಮ್ಮಗ ಟರ್ಬೈನ್ ಅಂದ್ರ ಏನಂತ ಗೊತ್ತದ ಏನ್ರಿ?"

ಬಂಡೆಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತಳು. "ಗೊತ್ತಿಲ್ರೀ ಯಪ್ಪಾ. ಶಾವಿಗಿ ಗೊತ್ತದ. ಒಂದನೇದು ಚಾಲೂ ಆತಂದ್ರ ಅಷ್ಟು ದೂರದಾಗಿರೋ ನನ್ನ ಡಬ್ಬಿ ಮುಚ್ಚಳ ಗಡಗಡ ಅಂತಾವ. ಮೂರನೇದರ ನೆತ್ತಿ ಮ್ಯಾಲೆ ಆರು ದಿನ ಇದ್ದ ಶಾವಿಗಿ ಒಂದೆಳಿ ಉದುರಿಲ್ಲ. ಅದು ಓಡಿದ್ರ ನನಗ ಪುಡಿ ಸಿಗ್ತಿತ್ತು."

"ಅಲ್ಲಿ ಶಾವಿಗಿ ಹಾಕಾಕ ಪರವಾನಗಿ ತಗೊಂಡಿದ್ದೇನು?"

"ಇಲ್ರಿ. ನಡಿಯೋ ಮಷಿನ್ ಆಗಿದ್ರ ಕೇಳ್ತಿದ್ದೆ."

ಸಭೆ ನಕ್ಕಿತು. ತಿಮ್ಮವ್ವ ಬೊಚ್ಚುಬಾಯಿ ತೆರೆದು ಎಲ್ಲರಿಗಿಂತ ಜೋರಾಗಿ ನಕ್ಕಳು. ಬಂಡೆಮ್ಮ ನಗಲಿಲ್ಲ. ಮಂಡಳಿಯ ಅಧ್ಯಕ್ಷರ ಕಡೆ ತಿರುಗಿ, ಹಿಂದೆ ಬಂದವರಿಗೆಲ್ಲ ಪಾಯಸ ಕುಡಿಸಿ ಮಲಗಿಸಿದ್ದು ತಾನೇ ಎಂಬುದನ್ನೂ, ಯಾರು ಯಾರು ಎಷ್ಟೆಷ್ಟು ಬಟ್ಟಲು ಕುಡಿದರು ಎಂಬುದನ್ನೂ ಹೇಳತೊಡಗಿದಳು. ಎರಡನೇ ಹೆಸರಿಗೇ ಅಧ್ಯಕ್ಷರು ಕೆಮ್ಮಿ, ಇಷ್ಟು ಸಾಕು ಎಂದರು.

ಆದೇಶ ಬಂತು. ಮಂಡಳಿಯವರ ಕಣ್ಣೆದುರು ಸತತ ಮೂರು ದಿನ ಓಡಿ ತೋರಿಸುವವರೆಗೆ ಮೂರನೇ ಘಟಕಕ್ಕೆ ಒಂದು ಪೈಸೆಯೂ ಇಲ್ಲ. ಕಂಪನಿ ಒಳಗೇ ಒಂದು ತನಿಖೆ ನಡೆಸಿ, ಪ್ರಭುರಾಜನನ್ನು ಬಡ್ತಿ ಕೊಟ್ಟು ಬೇರೆ ಕಡೆ ಕಳಿಸಿತು, ಖುರ್ಷೀದ್ ಬೇಗಂಳನ್ನು ತೋಟದ ಕೆಲಸಕ್ಕೆ ಹಾಕಿತು. ನಿಷೇಧಿತ ಜಾಗದಲ್ಲಿ ಆಹಾರ ಪದಾರ್ಥ ಒಣಗಿಸಿದ ಅಪರಾಧಕ್ಕೆ ಬಂಡೆಮ್ಮನನ್ನು ಕೆಲಸದಿಂದ ತೆಗೆಯಿತು. ಇಡೀ ಪ್ರಕರಣದಲ್ಲಿ ಕೆಲಸ ಹೋದದ್ದು ಅವಳೊಬ್ಬಳದೇ. ಎರಡು ದಿನ ಕಂಪನಿಗೆ ಮನಸಾರೆ ಬೈದು, ಮೂರನೇ ದಿನ ದೇವದುರ್ಗದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಅಂಗಡಿ ಹಿಡಿದು ಖಾನಾವಳಿ ಇಟ್ಟಳು.

ದಸರೆ ಕಳೆದ ಮೇಲೆ ಮೂರನೇ ಘಟಕ ಕೊನೆಗೂ ಶುರುವಾಯಿತು. ಆ ವಾರ ಗದ್ದೆಪ್ಪ ಜಾಲಹಳ್ಳಿಯ ಚಹಾದಂಗಡಿಯಲ್ಲಿ ಕೂತು, ತನ್ನ ಹೆಂಡತಿ ಅಷ್ಟು ದೊಡ್ಡ ಸ್ಥಾವರವನ್ನೇ ಬಂದ್ ಮಾಡಿಸಿದಳೆಂದು ಊರಿಗೆಲ್ಲ ಹೇಳುತ್ತಿದ್ದ. ಬಸ್ಸಿಳಿದು ಬರುತ್ತಿದ್ದ ಬಂಡೆಮ್ಮನ ಕಿವಿಗೆ ಅದು ಬಿತ್ತು. ಕೈಚೀಲ ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟಳು.

"ಸರಿಯಾಗಿ ಹೇಳು. ಬಂದ್ ಮಾಡಾಕ ಅವರಿಗೇ ಬರ್ತಿತ್ತು. ನಾ ಚಾಲೂ ಮಾಡಿಸೀನಿ."