ಒಂಬತ್ತು ದಿನ ಹುಲ್ಲು ತಡೆದವಳು

ಹುಲ್ಲಿನಿಂದ ಗ್ಯಾಸು ತಯಾರಿಸುವ ಆ ಘಟಕದಲ್ಲಿ ಎಲ್ಲರೂ ಅವಳನ್ನು ಹುಲ್ಲಕ್ಕ ಎಂದೇ ಕರೆಯುತ್ತಿದ್ದರು. ಹದಿನೆಂಟು ವರ್ಷ ಕ್ಯಾಂಟೀನೊಂದರಲ್ಲಿ ದುಡಿದು, ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದವಳು. ರಸ್ತೆಬದಿಯ ಹುಲ್ಲು, ಉದ್ಯಾನಗಳ ಸೊಪ್ಪುಸದೆ ಲಾರಿಯಲ್ಲಿ ಬಂದು ಬೀಳುತ್ತಿತ್ತು. ಅದನ್ನು ಯಂತ್ರಕ್ಕೆ ಕೊಟ್ಟು ಸಣ್ಣಗೆ ಕತ್ತರಿಸಿ, ಮೂರಾಳೆತ್ತರದ ಮುಚ್ಚಿದ ತೊಟ್ಟಿಗೆ ಉಣಿಸುವುದು ಅವಳ ಕೆಲಸ. ಒಳಗೆ ಕಣ್ಣಿಗೆ ಕಾಣದ ಜೀವಾಣುಗಳು ಅದನ್ನು ಕೊಳೆಸಿ ಗ್ಯಾಸು ಮಾಡುತ್ತಿದ್ದವು. ಆ ಗ್ಯಾಸಿನಲ್ಲಿ ಊರಿನ ಹನ್ನೊಂದು ಬಸ್ಸುಗಳು ಓಡುತ್ತಿದ್ದವು. ಅವುಗಳಲ್ಲೊಂದರ ಚಾಲಕ ಅವಳ ಗಂಡ.

ಮಳೆಗಾಲ ಮುಗಿದಾಗ ಹುಲ್ಲು ರಾಶಿರಾಶಿ ಬಂತು. ಹೊಸ ಮ್ಯಾನೇಜರು, "ದುಪ್ಪಟ್ಟು ಹಾಕಿ, ಗ್ಯಾಸೂ ದುಪ್ಪಟ್ಟು ಬರುತ್ತೆ" ಎಂದರು. ಮೂರನೆಯ ದಿನಕ್ಕೇ ತೊಟ್ಟಿಯಿಂದ ಮಾದರಿ ತೆಗೆದ ಬಾಟಲಿಯಿಂದ ಹುಳಿನಾತ ಅವಳ ಮೂಗಿಗೆ ಬಡಿಯಿತು.

"ಸಾರ್, ಒಳಗೆ ಹುಳಿ ಹತ್ತಿದೆ. ಹುಲ್ಲು ಹಾಕೋದು ಸ್ವಲ್ಪ ನಿಲ್ಲಿಸೋಣ."

"ಗ್ಯಾಸ್ ಬರ್ತಾನೇ ಇದೆಯಲ್ಲಮ್ಮ. ನಿನ್ನ ಮೂಗು ನಂಬ್ಕೊಂಡು ಘಟಕ ನಡೆಸ್ಲಾ?"

ಅವಳು ವಾದಕ್ಕೆ ಇಳಿಯಲಿಲ್ಲ. ಪ್ರಯೋಗಾಲಯದ ಹುಡುಗಿಯಿಂದ ಹುಳಿ ಅಳೆಯುವ ಕಾಗದದ ಪಟ್ಟಿಗಳನ್ನು ಇಸಕೊಂಡಳು. ದಿನಾ ಒಂದೊಂದು ಅದ್ದಿ, ಒಣಗಿಸಿ, ತಾರೀಖು ಹಾಕಿ ನೋಟ್‌ಬುಕ್ಕಿಗೆ ಅಂಟಿಸಿದಳು. ಹುಳಿ ಏರಿದಂತೆ ಹಸಿರು ಬಣ್ಣ ಪುಟದಿಂದ ಪುಟಕ್ಕೆ ಹಳದಿಗೆ ತಿರುಗಿತು. ಏಳನೆಯ ದಿನ ಗ್ಯಾಸು ಅರ್ಧಕ್ಕಿಳಿದು, ಗಂಡನದೂ ಸೇರಿ ಆರು ಬಸ್ಸುಗಳು ನಿಂತವು.

"ನನ್ನನ್ನ ಮನೇಲಿ ಕೂರಿಸೋಕೆ ನಿಂದೇ ಮಸಲತ್ತಾ?" ಎಂದ ಗಂಡ.

"ಹೇಗೂ ಕೂತಿದ್ದೀರಲ್ಲ, ತರಕಾರಿನಾದ್ರೂ ಹೆಚ್ಚಿ."

ಮರುದಿನ ನೋಟ್‌ಬುಕ್ಕನ್ನು ಮ್ಯಾನೇಜರ ಮೇಜಿನ ಮೇಲಿಟ್ಟಳು. ಅವರು ಪುಟ ತಿರುವುತ್ತ ಒಂದೊಂದೇ ಪಟ್ಟಿ ನೋಡಿದರು. ಕೊನೆಗೆ, "ನಂದೇ ತಪ್ಪು. ಈಗೇನು ಮಾಡೋಣ, ಅಕ್ಕಾ?" ಎಂದರು.

"ಹುಲ್ಲು ಪೂರಾ ನಿಲ್ಲಿಸಿ. ಡೇರಿಯಿಂದ ಎರಡು ಟ್ಯಾಂಕರ್ ಸಗಣಿನೀರು ತರಿಸಿ. ಹುಳಿಗೆ ಸತ್ತ ಜೀವಾಣುಗಳ ಜಾಗಕ್ಕೆ ಸಗಣೀಲಿರೋ ಹೊಸವು ಬರ್ಲಿ."

ಒಂಬತ್ತು ದಿನ ತೊಟ್ಟಿಗೆ ಒಂದೆಳೆ ಹುಲ್ಲೂ ಬೀಳಲಿಲ್ಲ. ಲಾರಿಯವರು ಕೂಗಾಡಿದರು. ಅವಳು ಜಗ್ಗಲಿಲ್ಲ, ಬಂದ ಹುಲ್ಲನ್ನೆಲ್ಲ ಟ್ರ್ಯಾಕ್ಟರಿನಿಂದ ತುಳಿಸಿ, ಗಾಳಿಯಾಡದಂತೆ ಟಾರ್ಪಾಲು ಹೊದಿಸಿ ಕಾಪಿಟ್ಟಳು. ಹತ್ತನೆಯ ಬೆಳಿಗ್ಗೆ ನಾತ ಹೋಗಿತ್ತು. ಕಾಲುಭಾಗದಿಂದ ಶುರುಮಾಡಿ, ಕೈ ಬಿಗಿಹಿಡಿದು ಹೆಚ್ಚಿಸುತ್ತ ಹೋದಳು. ತಿಂಗಳೊಳಗೆ ಹನ್ನೊಂದು ಬಸ್ಸುಗಳೂ ರಸ್ತೆಗಿಳಿದವು.

ಈಗ ಬೇರೆ ಊರಿನ ಘಟಕದವರು ಕಲಿಯಲು ಅವಳ ಬಳಿಗೇ ಬರುತ್ತಾರೆ. ಪ್ರಶ್ನೆ ಎಷ್ಟೇ ಸಣ್ಣದಿರಲಿ, ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದುಬಂದು ತೋರಿಸಿಕೊಡುತ್ತಾಳೆ.